ಸಹಿ ಹಾಕಿಯೂ ಹೊರಗೇ ಉಳಿಯುವ ಅಮೆರಿಕ

ವಿಷಕಾರಿ ಕಸ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸಾಗುವುದಕ್ಕೆ ಕಡಿವಾಣ ಹಾಕಲು ಬಾಸೆಲ್ ಒಪ್ಪಂದ ಇದೆ. ಅಮೆರಿಕ ಅದಕ್ಕೆ 1990ರಲ್ಲೇ ಸಹಿ ಹಾಕಿತು. 1992ರಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್ ಕೂಡ ಒಪ್ಪಿಗೆ ಕೊಟ್ಟಿತು. ಆದರೂ ಆ ದೇಶ ಇವತ್ತಿಗೂ ಅದರ ಸದಸ್ಯ ಅಲ್ಲ! ಒಪ್ಪಂದ ಪಾಲಿಸಬೇಕಾದರೆ ಅಲ್ಲಿನ ಕಸದ ಕಾನೂನನ್ನು ಸ್ವಲ್ಪ ಬದಲಿಸಬೇಕು. ಆ ತಿದ್ದುಪಡಿಯನ್ನು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮಾಡಲೇ ಇಲ್ಲ. ಅಷ್ಟೇ ಕಾರಣ.

ಹೀಗೆ ಅಮೆರಿಕ ಹೊರಗುಳಿದ ಬೇರೆ ಒಪ್ಪಂದಗಳಲ್ಲಿ ಅಷ್ಟು ದೂರ ಹೋದವೇ ಕಡಿಮೆ. ಅಮೆರಿಕದ ಸಂವಿಧಾನದ ಪ್ರಕಾರ ಒಪ್ಪಂದಕ್ಕೆ ಸೆನೆಟ್‌ನಲ್ಲಿ ಹಾಜರಿದ್ದವರ ಮೂರನೇ ಎರಡರಷ್ಟು ಮತ ಬೇಕು. ನೂರೂ ಮಂದಿ ಹಾಜರಿದ್ದರೆ 67. ಅಂದರೆ 34 ಮಂದಿ ಬೇಡ ಅಂದರೆ ಮುಗೀತು.

ಈ ಏಟು ಮೊದಲು ಜೋರಾಗಿ ಬಿದ್ದದ್ದು ಮೊದಲ ಮಹಾಯುದ್ಧದ ಕಾಲದ ಅಧ್ಯಕ್ಷ ವುಡ್ರೊ ವಿಲ್ಸನ್‌ಗೆ. ಅವರು ಮುಂದೆ ನಿಂತು ಕಟ್ಟಿದ, ವಿಶ್ವಸಂಸ್ಥೆಗೂ ಮುಂಚಿನ ಲೀಗ್ ಆಫ್ ನೇಷನ್ಸ್‌ಗೆ ಅವರ ದೇಶವೇ ಸೇರಲಿಲ್ಲ. ವ್ಯಾಪಾರದಲ್ಲೂ ಅದೇ ಕತೆ. ಅಂತರರಾಷ್ಟ್ರೀಯ ವ್ಯಾಪಾರ ಸಂಸ್ಥೆ ಬೇಕು ಅಂತ ಓಡಾಡಿದ್ದೇ ಅಮೆರಿಕ. 1948ರಲ್ಲಿ ಹವಾನಾದಲ್ಲಿ ಕರಡು ಸಿದ್ಧವಾಯಿತು. ಕಾಂಗ್ರೆಸ್ ಮಾತ್ರ ಬಗ್ಗಲಿಲ್ಲ. 1950ರ ಕೊನೆಗೆ ಅಧ್ಯಕ್ಷ ಟ್ರೂಮನ್ ಸರ್ಕಾರ ಅದನ್ನು ಕೈಬಿಟ್ಟಿತು. ಸದ್ಯಕ್ಕಿರಲಿ ಅಂತ 1947ರಲ್ಲಿ ಮಾಡಿಕೊಂಡಿದ್ದ ಗ್ಯಾಟ್ ಎಂಬ ಸುಂಕ-ವ್ಯಾಪಾರ ಒಪ್ಪಂದದಲ್ಲೇ 1995ರ ತನಕ ಜಗತ್ತಿನ ವ್ಯಾಪಾರ ನಡೆಯಿತು.

ಹಾಗಂತ ಸೆನೆಟ್ ಎಲ್ಲಕ್ಕೂ ಅಡ್ಡಗಾಲು ಹಾಕುತ್ತದೆ ಅಂತಲ್ಲ. ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ 1988ರಲ್ಲಿ 83-0 ಮತ ಬಿತ್ತು. ಓಝೋನ್ ಹಾಳುಮಾಡುವ ಅನಿಲಗಳಿಗೆ ಬದಲಿ ಅನಿಲ ಮಾಡುವ ದಾರಿ ಅಮೆರಿಕದ ದೊಡ್ಡ ಕಂಪನಿಗಳಿಗೆ ಆಗಲೇ ಕಾಣುತ್ತಿತ್ತು. ವಿರೋಧಿಸುವವರು ಯಾರು? ಹವಾಮಾನದ ವಿಷಯಕ್ಕೆ ಬಂದಾಗ ಲೆಕ್ಕ ಉಲ್ಟಾ ಆಯಿತು. ಅಭಿವೃದ್ಧಿಶೀಲ ದೇಶಗಳ ಹಸಿರುಮನೆ ಅನಿಲಕ್ಕೂ ಮಿತಿ ಹಾಕದ ಒಪ್ಪಂದ ಬೇಡ ಅಂತ 1997ರ ಜುಲೈನಲ್ಲಿ ಸೆನೆಟ್ 95-0ರಿಂದ ಹೇಳಿತು. ಹವಾಮಾನ ಒಪ್ಪಂದ ಮಾಡಿದ ಕ್ಯೋಟೊ ಸಭೆ ನಡೆದದ್ದು ಡಿಸೆಂಬರ್‌ನಲ್ಲಿ. ಮರುವರ್ಷ ಕ್ಲಿಂಟನ್ ಸರ್ಕಾರ ಆ ಒಪ್ಪಂದಕ್ಕೆ ಸಹಿ ಹಾಕಿತು, ಆದರೆ ಕಾಗದವನ್ನು ಸೆನೆಟ್‌ಗೆ ಕಳಿಸಲಿಲ್ಲ. ಸೋಲು ಗೊತ್ತಿತ್ತಲ್ವಾ? 2004ರಲ್ಲಿ ಸಹಿಯಾದ ತಂಬಾಕು ನಿಯಂತ್ರಣ ಒಪ್ಪಂದವೂ ಸೆನೆಟ್ ಬಾಗಿಲು ಕಂಡಿಲ್ಲ.

ಕೊನೆಗೆ ಅಧ್ಯಕ್ಷರು ಅಡ್ಡದಾರಿ ಹಿಡಿದರು. ಪಾದರಸ ತಡೆಯುವ ಮಿನಮಾಟಾ ಒಪ್ಪಂದಕ್ಕೆ 2013ರಲ್ಲಿ, ಹವಾಮಾನದ ಪ್ಯಾರಿಸ್ ಒಪ್ಪಂದಕ್ಕೆ 2016ರಲ್ಲಿ ಒಬಾಮಾ ಸೆನೆಟ್ ಗೊಡವೆ ಇಲ್ಲದೆ, ತಮ್ಮ ಅಧಿಕಾರದಲ್ಲೇ ದೇಶವನ್ನು ಸೇರಿಸಿದರು. ಒಬ್ಬರ ಸಹಿಯಿಂದ ಸೇರಿದ್ದು ಇನ್ನೊಬ್ಬರ ಸಹಿಯಿಂದ ಬಿಟ್ಟೂ ಹೋಗುತ್ತದೆ. 2020ರ ನವೆಂಬರ್‌ನಲ್ಲಿ ಅಮೆರಿಕ ಪ್ಯಾರಿಸ್‌ನಿಂದ ಹೊರಬಂತು, 2021ರ ಫೆಬ್ರವರಿಯಲ್ಲಿ ಮತ್ತೆ ಸೇರಿತು, 2025ರ ಜನವರಿಯಲ್ಲಿ ಮತ್ತೆ ಬಿಡುವ ಆದೇಶ ಬಂತು.

ಆರೋಗ್ಯದ ಕತೆ ಸ್ವಲ್ಪ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ನಿಯಮಗಳಲ್ಲಿ ಸದಸ್ಯರು ಹೊರಹೋಗುವ ಮಾತೇ ಇಲ್ಲ. ಆದರೆ 1948ರಲ್ಲಿ ಸೇರುವಾಗಲೇ ಅಮೆರಿಕದ ಕಾಂಗ್ರೆಸ್ ತನ್ನದೊಂದು ಷರತ್ತು ಬರೆದಿಟ್ಟುಕೊಂಡಿತ್ತು: ಒಂದು ವರ್ಷದ ನೋಟಿಸ್ ಕೊಟ್ಟು, ಆ ವರ್ಷದ ಹಣ ಪೂರ್ತಿ ಕಟ್ಟಿ ಹೊರಡಬಹುದು. ಟ್ರಂಪ್ 2020ರಲ್ಲಿ ನೋಟಿಸ್ ಕೊಟ್ಟದ್ದು ಇದನ್ನೇ ಹಿಡಿದು. ಬೈಡನ್ ಅದನ್ನು ಅಧಿಕಾರಕ್ಕೆ ಬಂದ ದಿನವೇ ರದ್ದು ಮಾಡಿದರು. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ಮತ್ತೆ ಹೊರಹೋಗುವ ಆದೇಶಕ್ಕೆ ಸಹಿ ಹಾಕಿದರು.