ಎಂಆರ್‌ಐಯಲ್ಲಿ ಮೂಳೆಯ ಒಳಜಾಲ ಕಾಣಿಸುತ್ತದೆಯೇ?

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ನನ್ನ ಅಮ್ಮನ ಮಣಿಕಟ್ಟು ಮುರಿಯಿತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಆಸ್ಟಿಯೊಪೊರೋಸಿಸ್ (ಮೂಳೆ ಸವೆದು ಟೊಳ್ಳಾಗುವ ರೋಗ) ಇಲ್ಲವೆಂದು ಬಂದಿದೆ. ಮಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿದರೆ ಮೂಳೆಯೊಳಗಿನ ದುರ್ಬಲತೆ ತಿಳಿದೀತೇ?
(ಬದಿಯಡ್ಕದ ಓದುಗರೊಬ್ಬರು)

ಉತ್ತರ: ಮೂಳೆಯ ಸೂಕ್ಷ್ಮರಚನೆಯನ್ನು, ಅಂದರೆ ಅದರೊಳಗಿನ ಸಣ್ಣ ಎಳೆಗಳ ಜಾಲವನ್ನು, ಎಂಆರ್‌ಐಯಿಂದ ನೋಡಲು ಸಾಧ್ಯವಿದೆ; ಆದರೆ ಬೆನ್ನುನೋವಿಗೋ ಮೊಣಕಾಲು ನೋವಿಗೋ ಸಾಮಾನ್ಯವಾಗಿ ಮಾಡುವ ಸ್ಕ್ಯಾನ್‌ನಲ್ಲಿ ಅದು ಕಾಣಸಿಗುವುದಿಲ್ಲ.

ಡೆಕ್ಸಾ ಹೇಳುವುದು ಒಂದು ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಖನಿಜವಿದೆ ಎಂಬುದನ್ನು ಮಾತ್ರ. ಆ ಸಾಂದ್ರತೆಯನ್ನು ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿ ಕೊಡುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಆ ಖನಿಜವು ಒಳಗೆ ಹೇಗೆ ಜೋಡಣೆಗೊಂಡಿದೆ, ಎಳೆಗಳು ಒಂದಕ್ಕೊಂದು ಕೂಡಿಕೊಂಡಿವೆಯೇ ಅಥವಾ ತುಂಡಾಗಿವೆಯೇ ಎಂಬುದು ಆ ಸಂಖ್ಯೆಯಲ್ಲಿಲ್ಲ. ಸಾಂದ್ರತೆ ತೀರಾ ಕಡಿಮೆಯಿಲ್ಲದವರಲ್ಲೂ ಅನೇಕರ ಮೂಳೆ ಮುರಿಯುವುದಕ್ಕೆ ಇದೂ ಒಂದು ಕಾರಣ.

ಎಂಆರ್‌ಐ ಮೂಳೆಯನ್ನು ನೋಡುವ ಬಗೆ ನಿಜಕ್ಕೂ ಸೋಜಿಗದ್ದು. ಯಂತ್ರ ಗ್ರಹಿಸುವುದು ಹೈಡ್ರೋಜನ್ ಪರಮಾಣುಗಳ ಸಂಕೇತವನ್ನು; ಗಟ್ಟಿ ಮೂಳೆಯಲ್ಲಿ ಆ ಸಂಕೇತ ಒಂದು ಮಿಲಿಸೆಕೆಂಡ್ ಕಳೆಯುವ ಮೊದಲೇ ಅಡಗಿಹೋಗುವುದರಿಂದ ಮೂಳೆ ಚಿತ್ರದಲ್ಲಿ ಕಪ್ಪಾಗುತ್ತದೆ, ಅದರ ಸಂದುಗಳಲ್ಲಿ ತುಂಬಿರುವ ಕೊಬ್ಬಿನ ಮಜ್ಜೆ ಮಾತ್ರ ಬೆಳಗುತ್ತದೆ. ಸುಲಿದ ಅಡಿಕೆಯನ್ನು ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ನೋಡಿ: ಬಿಳಿಯ ತಿರುಳಿನೊಳಗೆ ಕಂದು ಗೆರೆಗಳು ಕವಲೊಡೆದು ಹರಡಿರುತ್ತವೆ. ಮಣಿಕಟ್ಟಿನ ಎಂಆರ್‌ಐ ಚಿತ್ರವೂ ಹೆಚ್ಚುಕಡಿಮೆ ಹಾಗೆಯೇ, ಬಿಳಿಯ ಜಾಗ ಮಜ್ಜೆ, ಗೆರೆಗಳು ಮೂಳೆಯ ಎಳೆಗಳು.

ಕಷ್ಟವಿರುವುದು ಅಳತೆಯಲ್ಲಿ. ಈ ಎಳೆಗಳ ದಪ್ಪ ಸುಮಾರು 0.1ರಿಂದ 0.15 ಮಿಲಿಮೀಟರ್, ಸಂಶೋಧನೆಯ ಸ್ಕ್ಯಾನ್‌ಗಳಲ್ಲಿ ಚಿತ್ರದ ಒಂದೊಂದು ಚುಕ್ಕೆಯ ಅಗಲವೂ ಸುಮಾರು ಅಷ್ಟೇ, ಪದರದ ದಪ್ಪವಂತೂ ಅದರ ಮೂರು ಪಟ್ಟು. ಹೀಗಾಗಿ ಎಳೆಯು ಚುಕ್ಕೆಯನ್ನು ಪೂರ್ತಿ ಆವರಿಸದೆ ಕಪ್ಪಿಗೆ ಬದಲು ಬೂದುಬಣ್ಣವಾಗಿ ಮೂಡುತ್ತದೆ, ಆ ಬೂದು ಎಷ್ಟು ಗಾಢವಾಗಿದೆ ಎಂಬುದರಿಂದ ಮೂಳೆಯ ಪಾಲನ್ನು ಲೆಕ್ಕಹಾಕಬೇಕಾಗುತ್ತದೆ. ಹತ್ತು ಹದಿನೈದು ನಿಮಿಷ ಕೈ ಅಲುಗಾಡಿಸದೆ ಇರಬೇಕು; ಕೂದಲೆಳೆಯಷ್ಟು ಸರಿದರೂ ಚಿತ್ರ ಮಸುಕಾಗುತ್ತದೆ. ಮಣಿಕಟ್ಟು, ಕಣಕಾಲು, ಹಿಮ್ಮಡಿಗಳನ್ನೇ ಸಂಶೋಧಕರು ಹೆಚ್ಚಾಗಿ ಆರಿಸಿಕೊಳ್ಳುವುದು ಅವನ್ನು ಸಂಕೇತ ಹಿಡಿಯುವ ಸಣ್ಣ ತಂತಿಸುರುಳಿಯ (ಕಾಯಿಲ್) ಒಳಗೆ ಭದ್ರವಾಗಿ ಇರಿಸಬಹುದಾದ್ದರಿಂದ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಫೆಲಿಕ್ಸ್ ವೆರ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಶರ್ಮಿಳಾ ಮಜುಂದಾರ್ ಮೊದಲಾದವರು 1990ರ ದಶಕದಿಂದ ಈ ವಿಧಾನವನ್ನು ಬೆಳೆಸಿದರು. ಹಲಗೆಯಂತಿದ್ದ ಎಳೆಗಳು ಸವೆದು ಕಡ್ಡಿಗಳಾಗಿ, ಕೊನೆಗೆ ಕಡಿದು ಬೇರೆಯಾಗುವುದನ್ನು ಸೂಜಿ ಚುಚ್ಚದೆ, ಎಕ್ಸ್-ರೇ ತಾಗಿಸದೆ ಎಣಿಸಲು ಇದರಿಂದ ಸಾಧ್ಯವಾಯಿತು. ಔಷಧಿಯ ಪರಿಣಾಮವನ್ನು ಅದೇ ವ್ಯಕ್ತಿಯಲ್ಲಿ ಮತ್ತೆ ಮತ್ತೆ ಅಳೆಯಬಹುದೆಂಬುದೇ ಇದರ ದೊಡ್ಡ ಪ್ರಯೋಜನವೆಂದು ನನ್ನ ಅಭಿಪ್ರಾಯ.

ಆದರೂ ಇದು ಇಂದಿಗೂ ಮುಖ್ಯವಾಗಿ ಸಂಶೋಧನೆಯ ಸಾಧನ. ಇದಕ್ಕಾಗಿಯೇ ಹಣ ಸುರಿದು ಎಂಆರ್‌ಐ ಮಾಡಿಸಬೇಡಿ. ನಿಂತಲ್ಲಿಂದ ಜಾರಿ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿದಿದೆ ಎಂಬುದೇ ಮಹತ್ವದ ಸೂಚನೆ. ಡೆಕ್ಸಾ ವರದಿಯ ಜೊತೆಗೆ ತಾಯಿಯವರು ಬಿದ್ದ ಬಗೆಯನ್ನೂ ವೈದ್ಯರಿಗೆ ತಪ್ಪದೆ ವಿವರಿಸಿ.