ಗೊತ್ತಿದೆ ಎನ್ನುವವರ ನಡುವೆ ಸುವಾರ್ತೆ

ಇಂಗ್ಲೆಂಡಿನ ಕೈಗಾರಿಕಾ ನಗರವೊಂದರಲ್ಲಿ ಹಲವು ವರ್ಷಗಳಿಂದ ಸಭಾಪಾಲಕನಾಗಿರುವ ನಾನು ರಜೆಗೆ ಮಂಗಳೂರಿಗೆ ಬಂದಾಗಲೆಲ್ಲ, ಆರಾಧನೆ ಮುಗಿದ ಮೇಲೆ ಹಿರಿಯರಲ್ಲಿ ಯಾರಾದರೊಬ್ಬರು, "ನಮಗೆ ಸುವಾರ್ತೆ ತಂದವರಿಗೆ ನೀವು ಹೊಸದಾಗಿ ಏನು ಸಾರುತ್ತೀರಿ, ಅಯ್ಯನವರೇ?" ಎಂದು ಕೇಳದೆ ಬಿಡುವುದಿಲ್ಲ. ಇಲ್ಲಿಗೆ 1834ರಲ್ಲಿ ಬಂದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರೇ ಹೊರತು ಇಂಗ್ಲಿಷರಲ್ಲ ಎಂಬ ತಿದ್ದುಪಡಿಯನ್ನು ನುಂಗಿಕೊಂಡು, ಪ್ರಶ್ನೆಯನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ತಮ್ಮನ್ನು ಕ್ರೈಸ್ತರೆಂದು ಗುರುತಿಸಿಕೊಂಡವರು 2001ರಲ್ಲಿ ಶೇ. 72ರಷ್ಟಿದ್ದರು, 2021ರ ಹೊತ್ತಿಗೆ ಅದು ಶೇ. 46.2ಕ್ಕೆ ಇಳಿದು, ಯಾವ ಧರ್ಮವೂ ಇಲ್ಲವೆಂದವರು ಶೇ. 37.2ಕ್ಕೆ ಏರಿದರು. ಇವರಲ್ಲಿ ಹೆಚ್ಚಿನವರು ಸಭೆಯೊಡನೆ ಜಗಳವಾಡಿ ಹೋದವರಲ್ಲ. ಅಜ್ಜಿ ಆರಾಧನೆಗೆ ಹೋಗುತ್ತಿದ್ದರು, ತಾಯಿ ಕ್ರಿಸ್‌ಮಸ್‌ಗೆ ಮಾತ್ರ ಹೋದರು, ಮಕ್ಕಳಿಗೆ ಹೋಗುವ ಸಂದರ್ಭವೇ ಬರಲಿಲ್ಲ, ಅಷ್ಟೇ.

ಈ ಬದಲಾವಣೆ ನನಗೆ ಸ್ಪಷ್ಟವಾಗಿ ಕಾಣುವುದು ಶವಸಂಸ್ಕಾರಗಳಲ್ಲಿ. ಸಂಸ್ಕಾರದ ಹಿಂದಿನ ವಾರ ಮೃತರ ಮನೆಗೆ ಹೋದಾಗ ಕುಟುಂಬದವರು ಚಹಾ ಕೊಟ್ಟು, "ನಾವು ಅಷ್ಟೇನೂ ಧಾರ್ಮಿಕರಲ್ಲ, ಆದರೆ ಅಮ್ಮನಿಗೆ ಇಷ್ಟವಾಗುತ್ತಿತ್ತು" ಎಂದು ಸಂಕೋಚದಿಂದಲೇ ಹೇಳುತ್ತಾರೆ. ಚಿತಾಗಾರದಲ್ಲಿ ನಮಗೆ ಸಿಗುವುದು ಅರ್ಧ ಗಂಟೆಯ ಆಸುಪಾಸು. ಕರ್ತನ ಪ್ರಾರ್ಥನೆ ಆರಂಭಿಸಿದರೆ ಮುಂದಿನ ಸಾಲಿನ ಮುದುಕರ ತುಟಿಗಳು ತಾವಾಗಿಯೇ ಅಲುಗುತ್ತವೆ, ನಡುವಯಸ್ಸಿನವರು ಅರ್ಧದಲ್ಲಿ ತಡವರಿಸುತ್ತಾರೆ, ಮೊಮ್ಮಕ್ಕಳು ಕೈಯಲ್ಲಿರುವ ಅಚ್ಚಿನ ಹಾಳೆಯನ್ನು ನೋಡುತ್ತ ನಿಂತಿರುತ್ತಾರೆ. ಮೂರು ತಲೆಮಾರುಗಳಲ್ಲಿ ಒಂದು ಪ್ರಾರ್ಥನೆ ಮರೆಯಾದ ಬಗೆಯನ್ನು ನಾನು ಹೀಗೆ ಒಂದೇ ಕೋಣೆಯಲ್ಲಿ ನಿಂತು ಕಂಡಿದ್ದೇನೆ.

ನಮ್ಮ ದಕ್ಷಿಣ ಭಾರತ ಸಭೆಯಲ್ಲಿ ಬಿಷಪ್ಪರಾಗಿದ್ದ ಲೆಸ್ಲಿ ನ್ಯೂಬಿಗಿನ್ 1974ರಲ್ಲಿ ಸ್ವದೇಶಕ್ಕೆ ಮರಳಿದವರು, ಕೆಲ ವರ್ಷಗಳ ಬಳಿಕ ಬರ್ಮಿಂಗ್‌ಹ್ಯಾಮ್‌ನ ಸೆರೆಮನೆಯೊಂದರ ಎದುರಿಗಿದ್ದ ಪುಟ್ಟ ಸಭೆಯ ಹೊಣೆ ಹೊತ್ತರು. ಭಾರತದಲ್ಲಿ ಕಂಡಿದ್ದ ವಿರೋಧಕ್ಕಿಂತ ಅಲ್ಲಿನ ತಣ್ಣನೆಯ ತಾತ್ಸಾರವೇ ಎದುರಿಸಲು ಕಷ್ಟವೆಂಬ ಅರ್ಥದಲ್ಲಿ ಅವರು ಬರೆದಿದ್ದಾರೆ. ವಿರೋಧಿಸುವವನು ಕೇಳಿಸಿಕೊಂಡಾದರೂ ಇರುತ್ತಾನೆ. ಇದೆಲ್ಲ ತನಗೆ ಗೊತ್ತಿರುವ ಹಳೆಯ ಕಥೆ ಎಂದುಕೊಂಡವನಿಗೆ ಕೇಳಿಸಿಕೊಳ್ಳುವ ಅಗತ್ಯವೇ ಕಾಣುವುದಿಲ್ಲ.

ಅದೇ ಬಾಸೆಲ್ ಮಿಶನ್ನಿನಿಂದ 1853ರಲ್ಲಿ ಬಂದ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರಿಗೆ ತಿಳಿಯದ ಭಾಷೆಯೊಂದು ಎದುರಿಗಿತ್ತು. ನನ್ನ ತೊಡಕು ಬೇರೆ: ಪದಗಳು ಉಳಿದಿವೆ, ಅರ್ಥ ಸೋರಿಹೋಗಿದೆ. ಅಲ್ಲಿ 'ಪಾಪ' ಎನ್ನುವುದು ಚಾಕೊಲೇಟ್ ಕೇಕಿನ ಜಾಹೀರಾತಿನ ಮಾತು. 'ಕೃಪೆ', ಅಂದರೆ ಇಂಗ್ಲಿಷಿನ 'ಗ್ರೇಸ್', ಹುಡುಗಿಯರ ಹೆಸರು, ಇಲ್ಲವೇ ಕಂತು ಕಟ್ಟಲು ಸಿಗುವ ಹೆಚ್ಚಿನ ಗಡುವು. ಇಂಥ ಪದಗಳನ್ನು ಪ್ರಸಂಗಪೀಠದಿಂದ ಇನ್ನಷ್ಟು ಗಟ್ಟಿಯಾಗಿ ಹೇಳುವುದರಿಂದ ಪ್ರಯೋಜನವಾಗದು ಎಂಬುದು ನನ್ನ ಅನುಭವ. ಅವು ಮತ್ತೆ ಅರ್ಥ ಪಡೆಯಬೇಕಾದರೆ ಅವುಗಳಂತೆ ಬದುಕುವವರು ಜನರ ಕಣ್ಣಿಗೆ ಬೀಳಬೇಕು.

2003ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಸ್ಟ್ರೀಟ್ ಪಾಸ್ಟರ್ಸ್ ಎಂಬ ಕ್ರೈಸ್ತ ಸೇವಾಕೂಟದ ಸ್ವಯಂಸೇವಕರು ವಾರಾಂತ್ಯದ ರಾತ್ರಿಗಳಲ್ಲಿ ಬೀದಿಗಿಳಿದು, ಕ್ಲಬ್ಬಿನಿಂದ ಹೊರಬಂದು ಎತ್ತರದ ಹಿಮ್ಮಡಿಯ ಚಪ್ಪಲಿ ಕಳಚಿ ಬರಿಗಾಲಲ್ಲಿ ನಡೆಯುವ ಹೆಣ್ಣುಮಕ್ಕಳಿಗೆ ಹವಾಯಿ ಚಪ್ಪಲಿ ಕೊಡುತ್ತಾರೆ. ಅವರು ಬೀದಿಯಲ್ಲಿ ಪ್ರಸಂಗ ಮಾಡುವುದಿಲ್ಲ; ಯಾಕೆ ಬಂದಿರಿ ಎಂದು ಕೇಳಿದವರಿಗೆ ಉತ್ತರಿಸುತ್ತಾರೆ. ಈ ಕ್ರಮ ನನಗೆ ಒಪ್ಪಿಗೆ. ಆದರೆ ಸಹಾಯವನ್ನು ಗಾಳದ ಹುಳುವಾಗಿಸಿದರೆ ಅದು ಜನರಿಗೆ ಕೂಡಲೇ ತಿಳಿಯುತ್ತದೆ, ತಿಳಿಯಲೂ ಬೇಕು.

ಅಂಥ ಒಂದು ಶವಸಂಸ್ಕಾರವಾಗಿ ಆರು ವಾರಗಳ ನಂತರ ಮೃತರ ಮೊಮ್ಮಗನೊಬ್ಬ ಮಡಚಿದ ಹಾಳೆಯೊಂದನ್ನು ಹಿಡಿದು ಬಂದು, "ಅಂದು ಕುರುಬನ ಬಗ್ಗೆ ಓದಿದಿರಲ್ಲ, ಅದು ಎಲ್ಲಿದೆ?" ಎಂದು ಕೇಳಿದ. 23ನೆಯ ಕೀರ್ತನೆಯನ್ನು ತೆರೆದುಕೊಟ್ಟೆ. ಅವನು ಎರಡು ಬಾರಿ ಓದಿ ಹೊರಟ. ಭಾನುವಾರ ಬಾ ಎಂದು ನಾನು ಹೇಳಲಿಲ್ಲ. ಹೇಳಬೇಕಿತ್ತೇನೋ ಎಂಬ ಅನುಮಾನ ಈಗಲೂ ಇದೆ.