ಪೈಪೋಟಿ ಇದ್ದರೂ ಔಷಧಿ ಬೆಲೆ ಏರಿದ್ದು ಹೇಗೆ?

ಅಮೆರಿಕದಲ್ಲಿ ಇವತ್ತು ವೈದ್ಯರ ಚೀಟಿಯ ಮೇಲೆ ಕೊಡುವ ಹತ್ತು ಔಷಧಿಗಳಲ್ಲಿ ಸುಮಾರು ಒಂಬತ್ತು ಜೆನೆರಿಕ್, ಅಂದರೆ ಮೂಲ ಕಂಪನಿಯ ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳು ಮಾಡುವ ಅದೇ ಔಷಧಿ. 1984ಕ್ಕೆ ಮುಂಚೆ ಹೀಗಿರಲಿಲ್ಲ. ಪೇಟೆಂಟ್ ಮುಗಿದ ಔಷಧಿಯನ್ನು ಬೇರೆ ಕಂಪನಿ ಮಾಡಬೇಕೆಂದರೂ ಎಷ್ಟೋ ಸಲ ರೋಗಿಗಳ ಮೇಲೆ ಮತ್ತೆ ದುಬಾರಿ ಪರೀಕ್ಷೆ ನಡೆಸಬೇಕಿತ್ತು. ಹೆಚ್ಚಿನವರು ಆ ಗೋಜಿಗೇ ಹೋಗುತ್ತಿರಲಿಲ್ಲ.

ಆ ವರ್ಷ ಬಂದ ಹ್ಯಾಚ್-ವ್ಯಾಕ್ಸ್‌ಮನ್ ಕಾನೂನು ದಾರಿ ಸಲೀಸು ಮಾಡಿತು. ಹೊಸ ಮಾತ್ರೆಯೂ ಮೂಲದಷ್ಟೇ ಪ್ರಮಾಣದಲ್ಲಿ, ಅದೇ ವೇಗದಲ್ಲಿ ರಕ್ತಕ್ಕೆ ಸೇರುತ್ತದೆಂದು ತೋರಿಸಿದರೆ ಸಾಕಾಯಿತು. ಮೂಲ ಕಂಪನಿಗೂ ಪೇಟೆಂಟ್ ಅವಧಿಯನ್ನು ಐದು ವರ್ಷದವರೆಗೆ ಹಿಗ್ಗಿಸಿಕೊಳ್ಳುವ ಅವಕಾಶ ಸಿಕ್ಕಿತು.

ಆದರೆ ಪೇಟೆಂಟ್ ಮುಗಿದ ಕೂಡಲೇ ಬೆಲೆ ಇಳಿದೇ ಬಿಡುತ್ತದೆ ಎನ್ನುವ ಹಾಗಿಲ್ಲ. ಪರಾವಲಂಬಿ ಜೀವಿಯ ಸೋಂಕಿಗೆ ಕೊಡುವ ಡಾರಾಪ್ರಿಮ್ ಮಾತ್ರೆಯ ಪೇಟೆಂಟ್ ಎಂದೋ ಮುಗಿದಿತ್ತು. ಬೇಡಿಕೆ ಕಡಿಮೆ ಅಂತ ಬೇರೆ ಯಾರೂ ತಯಾರಿಸುತ್ತಿರಲಿಲ್ಲ. 2015ರಲ್ಲಿ ಅದನ್ನು ಕೊಂಡ ಕಂಪನಿ ಒಂದು ಮಾತ್ರೆಯ ಬೆಲೆಯನ್ನು 13.50 ಡಾಲರ್‌ನಿಂದ 750 ಡಾಲರ್‌ಗೆ ಏರಿಸಿತು.

ಇನ್ಸುಲಿನ್ ವಿಷಯ ಇನ್ನೂ ನೋವಿನದು. ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ತಲಾ ಒಂದು ಡಾಲರ್‌ಗೆ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದರು. 1996ರಲ್ಲಿ ಬಂದ ಇನ್ಸುಲಿನ್ ಬ್ರ್ಯಾಂಡ್ ಹ್ಯೂಮಲಾಗ್‌ನ ಒಂದು ಬಾಟಲಿಗೆ 21 ಡಾಲರ್ ಇತ್ತು. 2017ರ ಹೊತ್ತಿಗೆ ಸುಮಾರು 275 ಆಗಿತ್ತು. ಮಾರುಕಟ್ಟೆಯಲ್ಲಿ ಮೂರು ದೊಡ್ಡ ಕಂಪನಿಗಳಿದ್ದವು, ಬೆಲೆ ಇಳಿಯಬೇಕಿತ್ತು ಅಲ್ವಾ? ಅವುಗಳ ಪೈಪೋಟಿ ನಡೆದದ್ದು ಬೇರೆ ಕಡೆ. ವಿಮೆಯ ಔಷಧಿ ಪಟ್ಟಿಯಲ್ಲಿ ಜಾಗ ಸಿಗಬೇಕೆಂದರೆ ವಿಮಾ ಕಂಪನಿಗಳ ಪರವಾಗಿ ಆ ಪಟ್ಟಿ ಮಾಡುವ ಮಧ್ಯವರ್ತಿಗಳಿಗೆ ದೊಡ್ಡ ರಿಯಾಯಿತಿ ಕೊಡಬೇಕು. ಅಷ್ಟು ಕೊಡಲು ಪಟ್ಟಿ ಬೆಲೆಯನ್ನೇ, ಅಂದರೆ ರಿಯಾಯಿತಿ ಕಳೆಯುವ ಮುಂಚಿನ ಬೆಲೆಯನ್ನೇ, ಏರಿಸುತ್ತಾ ಹೋದರು. ವಿಮೆ ಇಲ್ಲದವರು ಆ ಏರಿದ ಬೆಲೆಯನ್ನೇ ಕೊಡಬೇಕಾಯಿತು. ಔಷಧಿ ಬೇಡ ಎಂದು ಬಿಟ್ಟು ಬದುಕಲಾಗದ ಜನರ ಮೇಲೆ ಈ ಹೊರೆ ಬಿದ್ದದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಸರ್ಕಾರದ ಕೈಯನ್ನು ಅದರ ಕಾನೂನೇ ಕಟ್ಟಿಹಾಕಿತ್ತು. ಹಿರಿಯರ ವಿಮೆಯಾದ ಮೆಡಿಕೇರ್‌ಗೆ 2003ರಲ್ಲಿ ಔಷಧಿ ಸೌಲಭ್ಯ ಸೇರಿಸಿದಾಗ, ಬೆಲೆಯ ಚೌಕಾಸಿಯಲ್ಲಿ ಸರ್ಕಾರ ತಲೆ ಹಾಕಬಾರದು ಎಂದು ಬರೆಯಲಾಗಿತ್ತು. 2022ರ ಕಾನೂನು ಆಯ್ದ ಕೆಲವು ಔಷಧಿಗಳಿಗೆ ಆ ತಡೆ ತೆಗೆಯಿತು. ಮೆಡಿಕೇರ್‌ನವರಿಗೆ ಇನ್ಸುಲಿನ್ ವೆಚ್ಚ ತಿಂಗಳಿಗೆ 35 ಡಾಲರ್ ಮೀರಬಾರದೆಂದೂ ಹೇಳಿತು. ಮರುವರ್ಷ ಆ ಮೂರೂ ಕಂಪನಿಗಳು ಹಲವು ಇನ್ಸುಲಿನ್‌ಗಳ ಪಟ್ಟಿ ಬೆಲೆಯನ್ನು ಶೇ. 70ರ ಆಸುಪಾಸಿನಲ್ಲಿ ಇಳಿಸುವುದಾಗಿ ಹೇಳಿದವು. ಜನರ ಒತ್ತಡ ಇತ್ತು, ನಿಜ. ಅದರ ಜೊತೆಗೆ ಬಡವರ ವಿಮೆಯಾದ ಮೆಡಿಕೇಡ್‌ನ ನಿಯಮವೂ ಬದಲಾಗುತ್ತಿತ್ತು. ಬೆಲೆ ವಿಪರೀತ ಏರಿಸಿದವರು ಮೆಡಿಕೇಡ್‌ಗೆ ಕೊಡಬೇಕಾದ ರಿಯಾಯಿತಿಗೆ ಇದ್ದ ಮಿತಿ 2024ರ ಜನವರಿಯಿಂದ ರದ್ದಾಗಲಿತ್ತು. ಹಳೇ ಬೆಲೆಯನ್ನೇ ಹಿಡಿದು ಕೂತಿದ್ದರೆ ರಿಯಾಯಿತಿಯೇ ಔಷಧಿಯ ಬೆಲೆಯನ್ನು ಮೀರಿ, ಕೆಲವು ಇನ್ಸುಲಿನ್‌ಗಳಿಗೆ ಕಂಪನಿಗಳೇ ಕೈಯಿಂದ ಹಣ ತೆರಬೇಕಾಗುತ್ತಿತ್ತು.